ಹೊಗೆ ಕೊಳವೆ ತಿರುಗಿಸಿದವನು

"ಹೆಲ್ಮೆಟ್ ತೆಗೀರಿ! ಈಗಲೇ!"

ಅವಳ ಕೂಗಿಗೆ ಮುಳುಗುಗಾರ ಏಣಿಯ ಮೇಲೇ ನಿಂತುಬಿಟ್ಟ. ಒಂದು ಕಾಲು ಆಗಲೇ ನೀರಿನಲ್ಲಿತ್ತು.

ಅವಳು ಹಡಗುಕಟ್ಟೆಯ ಗಾಳಿ ಪರೀಕ್ಷಕಿ. ಕೈಯಲ್ಲಿ ಬಿಳಿ ಪುಡಿ ತುಂಬಿದ ಬೆರಳುದ್ದದ ಗಾಜಿನ ನಳಿಕೆ. ಕಂಪ್ರೆಸರಿನಿಂದ ಅವನಿಗೆ ಹೋಗುವ ಗಾಳಿಯನ್ನೇ ಅದರೊಳಗೆ ಹಾಯಿಸಿದ್ದಳು. ಬೆಳ್ಳಗಿರಬೇಕಾದ ಪುಡಿ ಕಂದು ಬಣ್ಣಕ್ಕೆ ತಿರುಗಿತ್ತು. ವಿಷ!

"ನಿನ್ನೆ ಇದೇ ಕಂಪ್ರೆಸರಿಗೆ ನೀವೇ ಸಹಿ ಹಾಕಿದ್ರಲ್ಲ ಮೇಡಂ?" ಅವನು ಹೆಲ್ಮೆಟ್ ತೆಗೆದು ಕೇಳಿದ.

"ನಿನ್ನೆಯ ಸಹಿ ನಿನ್ನೆಯ ಗಾಳಿಗೆ. ಮೇಲೆ ಬನ್ನಿ."

"ಕೊನೆಗೂ ನಿನಗೆ ಮೂಗುದಾರ ಹಾಕೋರು ಸಿಕ್ಕಿದ್ರಪ್ಪಾ!" ಕಟ್ಟೆಯ ಮೇಲಿದ್ದ ಮೇಸ್ತ್ರಿ ಅವನನ್ನು ನೋಡಿ ನಕ್ಕ.

ಅವಳು ನಗಲಿಲ್ಲ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದ್ದು ಹೇಗೆ? ತಾನೇ ಎಡವಿದೆನೇ?

ಫಿಲ್ಟರ್ ಬಿಚ್ಚಿದಳು, ಹೊಸದು. ಎಣ್ಣೆ ನೋಡಿದಳು, ಸರಿಯಿತ್ತು. ಕೊನೆಗೆ ಕಣ್ಣಿಗೆ ಬಿತ್ತು... ಹಳೆಯ ಮಸಿಯ ಗುರುತು ಒಂದು ಕಡೆ, ಎಂಜಿನ್ನಿನ ಹೊಗೆ ಕೊಳವೆಯ ಮೂತಿ ಇನ್ನೊಂದು ಕಡೆ! ಹೊಗೆಯೆಲ್ಲ, ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಬಾಯಿಗೇ ಹೋಗುತ್ತಿತ್ತು.

"ಇದನ್ನ ತಿರುಗಿಸಿದ್ದು ಯಾರು?"

"ನಾನೇ," ಎಂದ ಮುಳುಗುಗಾರ.

"ಪ್ರಾಣದ ಜೊತೆ ಆಟಾನಾ? ನೀರೊಳಗೆ ಪ್ರಜ್ಞೆ ತಪ್ಪಿದ್ರೆ..." ಅವಳು ವರದಿ ಪುಸ್ತಕ ತೆರೆದಳು. "ಕಾರಣ ಹೇಳಿ. ವರದೀಲಿ ಬರೀಬೇಕು."

"ಬರೀಲೇಬೇಕಾ?"

"ಆ ಕಾಲಂ ಖಾಲಿ ಬಿಡೋ ಹಾಗಿಲ್ಲ."

ಅವನು ನೆಲ ನೋಡಿದ. "ಹೊಗೆ ನಿಮ್ಮ ಮೇಜಿನ ಕಡೆ ಬರ್ತಿತ್ತು. ನಿನ್ನೆಯೆಲ್ಲ ಕೆಮ್ತಾ ಇದ್ರಿ..."

ಪೆನ್ನು ನಿಂತಿತು.

ಅವಳಿಗೆ ಆ ಸಾಲು ಬಿಟ್ಟುಬಿಡುವ ಆಸೆಯಾಯಿತು. ಆದರೂ ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದಳು.

ಮೇಸ್ತ್ರಿ ಕೊಳವೆಯನ್ನು ಮೊದಲಿನ ಕಡೆಗೇ ತಿರುಗಿಸಿದ. ಶಿಕ್ಷೆಯಾಗಿ ಅವನನ್ನು ಒಂದು ವಾರ ನೀರಿಗಿಳಿಸಲಿಲ್ಲ.

'ನನ್ನ ಮೇಲೆ ಸಿಟ್ಟಿರಬೇಕು...' ಎಂದುಕೊಂಡಳು. ಅವನು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಬಂದಾಗ ಅವಳ ಮೇಜು ಬೇರೆ ಬೇರೆ ಜಾಗದಲ್ಲಿ ಇರುತ್ತಿತ್ತು. ಯಾರ ಕಿತಾಪತಿ ಇದು? ನಾಲ್ಕನೆಯ ದಿನ ಹೊಳೆಯಿತು. ಗಾಳಿ ಎತ್ತ ಬೀಸಿದರೂ ಹೊಗೆ ಮಾತ್ರ ಮೇಜಿಗೆ ಬರುತ್ತಿರಲಿಲ್ಲ! ಈ ಸಲ ಅವನು ಕೊಳವೆ ಮುಟ್ಟಿರಲಿಲ್ಲ. ಮೇಜನ್ನಷ್ಟೇ ಸರಿಸಿದ್ದ.

ಎಂಟನೆಯ ದಿನ ಪುಡಿ ಬೆಳ್ಳಗೇ ಉಳಿಯಿತು. ಎರಡು ಸಲ ನೋಡಿ ಸಹಿ ಹಾಕಿದಳು. ಅವನು ಇಳಿದ.

ನೀರೊಳಗಿನವನ ಜೊತೆ ಮಾತಾಡುವ ಮೈಕನ್ನು ಮೇಸ್ತ್ರಿಯ ಕೈಯಿಂದ ಕಸಿದುಕೊಂಡಳು. "ಗಾಳಿ ಹೇಗಿದೆ?"

ಸ್ಪೀಕರಿನಲ್ಲಿ ಮೊದಲು ಬರೀ ಉಸಿರು. ಆಮೇಲೆ, "ಚೆನ್ನಾಗಿದೆ. ನಿಮ್ಮ ಕೆಮ್ಮು?"

"ಹೋಗಿದೆ..." ಅವಳ ಕಣ್ಣು ತುಂಬಿತು. "ಬೇಗ ಮೇಲೆ ಬನ್ನಿ. ಎದುರಿಗೇ ಕೇಳಿ."

"ಬೇಗ ಬೇಡಮ್ಮಾ!" ಮೇಸ್ತ್ರಿ ತಲೆ ಚಚ್ಚಿಕೊಂಡ. "ನಿಧಾನಕ್ಕೆ ಏರಬೇಕು ಅನ್ನೋದೂ ನಿಯಮಾನೇ!"

ಅವಳು ನಕ್ಕು ಮೈಕನ್ನು ತುಟಿಯ ಹತ್ತಿರ ತಂದಳು.

"ನಿಧಾನಕ್ಕೇ ಬನ್ನಿ. ನಾನು ಕಾಯ್ತೀನಿ."