ಕಣ್ಣು ತಪ್ಪಿದ ಕೊನೆಯ ಮಾತು

“ಗಾಂಜಾ ನನ್ನ ತಮ್ಮನನ್ನು ನುಂಗಿತು. ಅದಕ್ಕೆ ಕಾನೂನಿನ ಬಾಗಿಲು ತೆರೆಯಬೇಡಿ.”

ದನಿ ಅವಳದು, ಮಾತು ಅವನದು. ಅವನು ಬಡಗಿ, ಹುಟ್ಟಿನಿಂದಲೇ ಕಿವಿ ಕೇಳದು. ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ ಬೇಡವೇ ಎಂದು ಜನರ ಅಭಿಪ್ರಾಯ ಕೇಳುತ್ತಿದ್ದ ಸಮಿತಿಯ ಮುಂದೆ ಅವನು ಸನ್ನೆಯಲ್ಲಿ ಹೇಳುತ್ತಿದ್ದ. ಸನ್ನೆ ಭಾಷೆಯ ದುಭಾಷಿಯಾದ ಅವಳು ಅದನ್ನು ಮಾತಾಗಿಸುತ್ತಿದ್ದಳು.

ಮನೆಯಲ್ಲಿ ಅವಳ ಅಮ್ಮನಿಗೆ ಮೂಳೆಯ ಕ್ಯಾನ್ಸರ್. ಕಾನೂನು ಬದಲಾದರೆ ಆ ಗಿಡದ ಔಷಧಿ ಕೊಟ್ಟು ನೋಡಬಹುದು ಎಂದಿದ್ದರು ಡಾಕ್ಟರು. ಇವನೆದುರು ಅವಳು ಬಾಯಿಬಿಟ್ಟಿರಲಿಲ್ಲ. ದುಭಾಷಿ ತನ್ನ ಮನೆಯ ಗೋಳನ್ನು ನಡುವೆ ತರಬಾರದು. ಅದೂ ಮನಸ್ಸು ಮೆಚ್ಚಿದವನ ಮಾತಿನ ನಡುವೆ...

ತಿಂಗಳಿಡೀ ಇಬ್ಬರೂ ಕೂತು ಅಭ್ಯಾಸ ಮಾಡಿದ ಹೇಳಿಕೆ ಅದು. ಕೊನೆಯ ಸಾಲಂತೂ ಅವಳಿಗೆ ಬಾಯಿಪಾಠ. “ಇನ್ನೊಬ್ಬರ ತಮ್ಮ ಹಾಳಾಗುವುದು ಬೇಡ” ಎಂದವಳೇ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. “ಅಷ್ಟೇ ಸರ್” ಎಂದಳು.

ಹೊರಗೆ ಮೆಟ್ಟಿಲ ಬಳಿ ಅವನು “ಚೆನ್ನಾಗಿ ಹೇಳಿದ್ರಿ” ಎಂದು ಸನ್ನೆ ಮಾಡಿದಾಗ ಅವಳ ದುಃಖದ ಕಟ್ಟೆಯೊಡೆಯಿತು.

“ನೋವು ಅಂದ್ರೆ ಏನು ಗೊತ್ತಾ ನಿಮಗೆ? ನಮ್ಮಮ್ಮ ಮಗ್ಗುಲು ಬದಲಾಯಿಸೋಕೂ ಅಳ್ತಾರೆ. ಅವರ ಪಾಲಿನ ಬಾಗಿಲೂ ಮುಚ್ಚಿಬಿಟ್ರಿ.” ಅವಳ ಬೆರಳುಗಳು ಒಂದೇ ಸಮನೆ ಸನ್ನೆ ಮಾಡಿದವು.

ಅವನು ಮಿಕಮಿಕ ನೋಡಿದ. “ಗೊತ್ತು. ನಿಮ್ಮ ಮನೆಗೆ ಕುರ್ಚಿ ರಿಪೇರಿ ಮಾಡಿ ತಂದುಕೊಟ್ಟಾಗ ಅಮ್ಮನ್ನ ನೋಡಿದ್ದೆ. ಅದಕ್ಕೇ ಕೊನೇಲಿ ಸೇರಿಸಿದ್ನಲ್ಲ, ನೋವು ತಿನ್ನೋರಿಗೆ ಮಾತ್ರ ಡಾಕ್ಟರ ಕೈಯಿಂದ ಔಷಧಿಯಾಗಿ ಕೊಡಿ ಅಂತ. ನೀವು ಹೇಳ್ಲಿಲ್ವಾ?”

ಮಾತಾಡುವ ಕೈಗಳಿಂದ ಕಣ್ಣು ಕೀಳಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ಎಲ್ಲ ಗೊತ್ತಿದೆಯೆಂದು ಅವಳು ಕಣ್ಣು ಕಿತ್ತಿದ್ದಳು!

‘ಒಪ್ಪಿಕೊಂಡರೆ ಇನ್ಯಾರೂ ನನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ. ಸುಮ್ಮನಿದ್ದರೆ... ಇವನು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ.’

ಅವನ ತೋಳು ಹಿಡಿದು ಒಳಗೆ ಓಡಿದಳು.

“ಸರ್, ತಪ್ಪು ನನ್ನದು. ಇವರ ಕೊನೆಯ ಮಾತನ್ನ ನಾನು ನೋಡಲೇ ಇಲ್ಲ. ಇನ್ನೊಂದ್ಸಲ ಹೇಳೋಕೆ ಬಿಡಿ.”

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. “ಹೀಗಾದ್ರೆ ನಿಮ್ಮನ್ನ ಮತ್ತೆ ಕರೆಯೋದು ಕಷ್ಟ ಕಣಮ್ಮ.” ಅದನ್ನೂ ಅವಳು ಅವನಿಗೆ ಸನ್ನೆಯಲ್ಲಿ ತಿಳಿಸಿದಳು. ಆದರೂ ಅಧ್ಯಕ್ಷರು ಇಬ್ಬರಿಗೂ ಮೈಕಿನ ಕಡೆ ಕೈ ತೋರಿಸಿದರು.

ಅವನು ಹೇಳಿದ. ಈ ಸಲ ಅವಳು ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಅಮ್ಮನ ಪರವಾದ ಆ ಮಾತು ಅವಳದೇ ದನಿಯಲ್ಲಿ ಇಡೀ ಸಭೆಗೆ ಕೇಳಿಸಿತು.

“ನನ್ನಿಂದ ನಿಮ್ಮ ಕೆಲಸ ಹೋಯ್ತು” ಎಂದ, ಹೊರಗೆ ಬಂದ ಮೇಲೆ.

“ಹೋದ್ರೆ ಹೋಗಲಿ ಬಿಡಿ.”

“ಅಮ್ಮನ ಮಂಚಕ್ಕೆ ಬೆನ್ನೆತ್ತೋ ಹಲಗೆ ಹಾಕಿಕೊಡ್ಲಾ? ಸ್ವಲ್ಪ ಹಾಯಾಗಿರುತ್ತೆ.”

“ಅಷ್ಟಕ್ಕೇ ಬರ್ತೀರಾ?”

ಅವನ ಕೈಗಳು ಗಾಳಿಯಲ್ಲೇ ತಡವರಿಸಿದವು. “ಇಲ್ಲ... ನಿಮಗೋಸ್ಕರ. ಯಾವತ್ತೋ ಹೇಳ್ಬೇಕಿತ್ತು. ಈ ಮಾತಿಗೆ ಮಾತ್ರ ದುಭಾಷಿ ಸಿಗಲಿಲ್ಲ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

“ಬನ್ನಿ. ಅಮ್ಮನಿಗೆ ನಾನೇ ಹೇಳ್ತೀನಿ.”

“ಬಡಗಿ ಬಂದಿದ್ದಾರೆ ಅಂತಾನಾ?”

“ಅಲ್ಲ. ನಮ್ಮವರು ಬಂದಿದ್ದಾರೆ ಅಂತ.”