ಹಗೆಯ ಬಾಯಿ

"ಅದರ ಬಾಯಿ ಮಾತ್ರ ತೆಗಸಬ್ಯಾಡ, ತ್ರಿವೇಣಿ."

ನೆಲದೊಳಗಿನ ದಾರಿಗೆಂದು ತೋಡಿದ ಕಾಲುವೆಯ ಅಂಚಿನಲ್ಲಿ ನಿಂತು ಮಂಗಳಾ ಹೇಳಿದಳು. ಅವಳು ತ್ರಿವೇಣಿಯ ಗಂಡ ವಾಗೀಶನ ಅಣ್ಣನ ಹೆಂಡತಿ. ವಾಗೀಶ್ ಸತ್ತ ಮೇಲೆ ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಎರೆಮಣ್ಣಿನ ಕೆಳಗೆ ಒಂದು ದುಂಡನೆಯ ಬಂಡೆ ಕಾಣಿಸಿಕೊಂಡಿತ್ತು. ಸುತ್ತ ಗಾರೆ ಮೆತ್ತಿತ್ತು. ಹಳೆಯ ಹಗೆ. ಹಿಂದಿನವರು ಜೋಳ ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಕಣಜ.

ಹಾಲಹರವಿಯ ಹೊರಗಿನ ಆ ಜಾಗದಲ್ಲಿ ಮೂರು ಮನೆಗಳಿದ್ದವು. ನಡುವೆ ಅತ್ತೆ ವೀರಬಸಮ್ಮನ ದೊಡ್ಡ ಮನೆ, ಪಕ್ಕಕ್ಕೆ ಮಂಗಳಾಳದು, ದೂರದ ಮೂಲೆಯಲ್ಲಿ, ಹತ್ತಿ ಗೋದಾಮಿನ ಹಿಂದೆ, ವಾಗೀಶ್ ಮದುವೆಗೆಂದು ಕಟ್ಟಿಸಿದ್ದು. ಅದರಲ್ಲೀಗ ತ್ರಿವೇಣಿ ಒಬ್ಬಳೇ. ಮೂರನ್ನೂ ನೆಲದೊಳಗಿನ ದಾರಿಯಿಂದ ಜೋಡಿಸುವ ನಕ್ಷೆ ಬರೆದವಳೂ ಅವಳೇ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಕಲಿತಿದ್ದಳು. ಈ ಬಿಸಿಲಲ್ಲಿ ಅಂಗಳ ದಾಟುವುದು ಕಷ್ಟ, ಕೆಳಗೆ ತಂಪಿರುತ್ತದೆ ಎಂದು ಹೇಳಿದ್ದಳು. ಮನೆಯವರು ಒಪ್ಪಿದ್ದು ಬೇರೆ ಕಾರಣಕ್ಕೆ. ಆದೋನಿಯ ಮಾರ್ಕೆಟ್ಟಿಗೆ ಹತ್ತಿ ಹೇರಿಕೊಂಡು ಹೊರಟಾಗ ಅವಳು ಎದುರಿಗೆ ಬರಬಾರದು. ನೆಲದೊಳಗೆ ಓಡಾಡಿದರೆ ಬರುವುದಿಲ್ಲ.

ಅದು ಅವಳಿಗೂ ಗೊತ್ತಿತ್ತು. ಆದರೂ ಗೆರೆ ಎಳೆದಳು. ದೊಡ್ಡ ಮನೆಯ ಅಡುಗೆಮನೆಗೆ ಒಂದು ಬಾಗಿಲು. ಅಲ್ಲಿ ಹೋಗಿ ನಿಂತರೆ ಯಾರಾದರೂ ಉಂಡೆಯಾ ಎಂದು ಕೇಳಿಯಾರು. ಅವಳಿಗೆ ಅಷ್ಟು ಸಾಕಿತ್ತು.

ದಾರಿಗಳು ಸೇರುವಲ್ಲೇ ಹಗೆ ಸಿಕ್ಕಿತ್ತು. ಅವಳಿಗೆ ಅದು ತಾನಾಗಿ ಒದಗಿಬಂದ ದುಂಡು ಕೋಣೆಯಂತೆ ಕಂಡಿತು. ಬಾಯಿಗೆ ಗಾಜು ಕೂರಿಸಿದರೆ ಬೆಳಕು ಬೀಳುತ್ತದೆ.

ಮಂಗಳಾ ತಗ್ಗಿದ ದನಿಯಲ್ಲಿ ಕತೆ ಹೇಳಿದಳು. ಮುತ್ತಜ್ಜಿಯ ಕಾಲದಲ್ಲಿ ಈ ಮನೆಯ ಹಿರಿಸೊಸೆ ಮಾಟಗಾರನನ್ನು ಕರೆಸಿ ಕಿರಿಸೊಸೆಗೆ ಬಾಯಿಕಟ್ಟು ಮಾಡಿಸಿದಳಂತೆ. ಬಟ್ಟೆಯ ಗೊಂಬೆಯ ತುಟಿ ಹೊಲಿದು ಹಗೆಯ ತಳದಲ್ಲಿ ಹೂಳಿಸಿದಳಂತೆ. ಕಿರಿಯವಳ ದನಿ ನಿಂತುಹೋಯಿತು. ಒಂದು ದಿನ ಅವಳು ಜೋಳ ತೆಗೆಯಲು ಇಳಿದಾಗ, ಒಳಗಿರುವುದು ತಿಳಿಯದೆ ಮೇಲಿನವರು ಬಂಡೆ ಮುಚ್ಚಿದರು. ಕೂಗಲು ಅವಳಿಗೆ ಬಾಯಿ ಇರಲಿಲ್ಲ.

"ಹಗಿ ಬಾಯಿ ತಗದ್ರ ಆಕಿಗೆ ಯಾರದರೆ ಬಾಯಿ ಬೇಕಾಗತೈತಿ. ಅದರಾಗ ಮಾತಾಡಬಾರ್ದು ಅಂತಾರ."

"ಈ ಮನ್ಯಾಗ ಹಗೆ ಮ್ಯಾಲೇ ಐತಲ್ಲಕ್ಕ, ಕೆಳಗ ಯಾಕ ಹುಡುಕ್ತೀರಿ?" ತ್ರಿವೇಣಿ ನಕ್ಕಳು. "ನನ್ನ ಬಾಯಿ ತಗೊಂಡು ಆಕಿ ಏನ್ ಮಾಡ್ತಾಳ? ನನ್ನ ಕೂಡ ಮಾತಾಡೋರು ಯಾರದಾರ ಇಲ್ಲಿ?"

ಮಂಗಳಾ ಸೆರಗು ಹೊದ್ದು ಹೊರಟುಹೋದಳು. ಅಗೆಯುತ್ತಿದ್ದ ಸುಂಕಣ್ಣ ಹಾರೆ ಕೆಳಗಿಟ್ಟ.

"ವದ್ದಮ್ಮಾ, ಬ್ಯಾಡ. ನಾ ಮಣ್ಣು ತಗಿಯಾಕ ಬಂದೀನಿ, ದೆವ್ವ ತಗಿಯಾಕಲ್ಲ."

ಅವನು ಮತ್ತೆ ಬರಲಿಲ್ಲ.

ಆದೋನಿಯಿಂದ ಬೇರೆ ಆಳುಗಳು ಬಂದು ಬಂಡೆ ಸರಿಸಿದರು. ಮುಗ್ಗಿದ ಜೋಳದ ಹುಳಿ ವಾಸನೆ ಮೇಲೆದ್ದಿತು. ಅದರಡಿಯಲ್ಲಿ ಇನ್ನೊಂದು ವಾಸನೆ, ಬಹಳ ಹೊತ್ತು ಮುಚ್ಚಿಕೊಂಡ ಬಾಯಿಯದು. ತ್ರಿವೇಣಿ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು. ಕೆಟ್ಟ ಗಾಳಿ ಇದ್ದರೆ ಆರುತ್ತದೆ. ಆರಲಿಲ್ಲ. ಅವಳು ಬಗ್ಗಿ ಕೂಗಿದಳು.

"ನಾನು ತ್ರಿವೇಣಿ. ಬೇಕಾದ್ರ ತಗೋವ್ವ."

ದನಿ ಮರಳಿ ಬರಲಿಲ್ಲ. ಗೋಡೆಗೆ ಮೆತ್ತಿದ ಹುಲ್ಲು, ಮಣ್ಣು ಸದ್ದನ್ನು ಹೀರಿರಬೇಕು ಎಂದುಕೊಂಡಳು.

ದನಿ ಹೋದದ್ದು ಅವಳಿಗೆ ಗೊತ್ತಾಗಲು ದಿನಗಳೇ ಹಿಡಿದವು. ಮೇಸ್ತ್ರಿಗೆ ಹೇಳಬೇಕಾದ್ದನ್ನು ಮೊಬೈಲಿನಲ್ಲಿ ಬರೆದು ಕಳಿಸುತ್ತಿದ್ದಳು. ಹಾಲಿನವಳು ಪಾತ್ರೆಗೆ ಸುರಿದು ಹೋಗುತ್ತಿದ್ದಳು. ಮನೆಯಲ್ಲಿ ಫ್ಯಾನಿನ ಸದ್ದು. ಹುಬ್ಬಳ್ಳಿಯಿಂದ ತಾಯಿ ಫೋನ್ ಮಾಡಿ ಹಲೋ, ಹಲೋ ಎಂದು ಇಟ್ಟುಬಿಟ್ಟಳು. ಸಿಗ್ನಲ್ ಇಲ್ಲವೇನೋ. ಮತ್ತೆ ಮಾಡಿದಳು, ಮತ್ತೆ ಇಟ್ಟಳು. ಆಗ ತ್ರಿವೇಣಿ ಕನ್ನಡಿಯ ಮುಂದೆ ನಿಂತು ತನ್ನ ಹೆಸರು ಹೇಳಿ ನೋಡಿದಳು. ತುಟಿ ಅಲುಗಿತು. ಉಸಿರು ಬಂತು. ಅಷ್ಟೇ.

ವೈದ್ಯರು ಗಂಟಲು ನೋಡಿ ಏನೂ ಇಲ್ಲ ಎಂದರು. ದುಃಖಕ್ಕೆ ಹೀಗಾಗುವುದುಂಟು, ತಾನಾಗಿ ಸರಿಹೋಗುತ್ತದೆ ಎಂದರು. ಅವಳು ನಂಬಿದಳು.

ದಾರಿ ಮುಗಿಯಿತು. ಗಾಜು ಬರುವವರೆಗೆ ಹಗೆಯ ಬಾಯಿಗೆ ತಗಡು ಮುಚ್ಚಿದ್ದರು. ತ್ರಿವೇಣಿ ಒಳಗೆ ಕಾಲಿಡಲಿಲ್ಲ. ಇಷ್ಟು ದಿನ ಕಾದ ಬಾಗಿಲಲ್ಲಿ ಮೂಗಿಯಾಗಿ ನಿಲ್ಲಲು ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ವೀರಬಸಮ್ಮ ತಾನಾಗಿಯೇ ಅಂಗಳ ದಾಟಿ ಬಂದಳು. ಮುಖ ಅರಳಿತ್ತು.

"ಇಷ್ಟು ಚಂದ ಮಾತಾಡ್ತಿ ಅಂತ ಗೊತ್ತೇ ಇರಲಿಲ್ಲವ್ವ. ದಿನಾ ಮಧ್ಯಾಹ್ನ ಆ ಬಾಗಿಲ ಸಂದ್ಯಾಗ ನಿಂತು ನಗಸ್ತಿ. ವಾಗೀಶನ ಸುದ್ದಿ ಹೇಳ್ತಿ. ಕತ್ತಲದಾಗ ಯಾಕ ನಿಂದರ್ತಿ? ಇವತ್ತು ಒಳಗ ಬಾ. ಉಂಡು ಹೋಗು."

ತ್ರಿವೇಣಿ ಬಾಯಿ ತೆರೆದಳು. ಅತ್ತೆ ಉತ್ತರಕ್ಕೆ ಕಾಯದೆ ಅವಳ ತಲೆ ಸವರಿ ಹೋದಳು.

ಆ ದನಿಗಿಂತ ಮೊದಲು ತಾನು ಆ ಬಾಗಿಲು ಸೇರಬೇಕು. ಬೆಳಕಿನಲ್ಲಿ ನಿಲ್ಲಬೇಕು. ಅವರು ತನ್ನ ಮುಖ ನೋಡಬೇಕು. ಮಧ್ಯಾಹ್ನವಾಗುವುದಕ್ಕೆ ಮುಂಚೆ ಅವಳು ಕಂದೀಲು ಹಿಡಿದು ಇಳಿದಳು.

ಮೇಲೆ ಉರಿಬಿಸಿಲು. ಕೆಳಗೆ ಬಾವಿಯಂಥ ತಂಪು. ಹಸಿ ಸಿಮೆಂಟಿನ ವಾಸನೆ. ಆಮೇಲೆ ಜೋಳದ ಹುಳಿ. ಹಗೆಯ ದುಂಡು ಕೋಣೆಗೆ ಬಂದಾಗ ಕಾಲಿಗೆ ಮೆತ್ತನೆಯದೇನೋ ತಾಗಿತು. ಕಂದೀಲು ಬಗ್ಗಿಸಿದಳು. ಬಟ್ಟೆಯ ಗೊಂಬೆ. ಅದರ ತುಟಿಯ ಹೊಲಿಗೆ ಬಿಚ್ಚಿತ್ತು.

ಅವಳ ತುಟಿ ಚುರ್ರೆಂದಿತು. ಬೆರಳಿಟ್ಟು ನೋಡಿದಳು. ದಾರ. ಈ ತುದಿಯಿಂದ ಆ ತುದಿಯವರೆಗೆ. ಬಿಗಿಯಾಗಿ.

ಮುಂದೆ ಯಾರೋ ನಡೆಯುತ್ತಿದ್ದರು. ಬರಿಗಾಲು. ಅವಳದೇ ನಡಿಗೆ.

ಓಡಿದಳು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಬಾಗಿಲು ತೆರೆಯಿತು. ಬೆಳಕು. ಬೆಳಕಿನಲ್ಲಿ ಒಂದು ಬೆನ್ನು. ಅವಳ ಸೀರೆ. ಅವಳ ಜಡೆ. ಅದು ಒಳಗೆ ಹೋಯಿತು. ಬಾಗಿಲು ಮುಚ್ಚಿತು.

ಅವಳು ಬಡಿದಳು. ಎರಡೂ ಕೈಯಿಂದ ಬಡಿದಳು.

"ಕೆಳಗ ಯಾರೋ ಬಡದಂಗಾತು," ಎಂದಳು ಅಡುಗೆಮನೆಯಲ್ಲಿ ಮಂಗಳಾ.

"ಯಾರಿಲ್ಲಕ್ಕ. ಗಾಳಿ." ತ್ರಿವೇಣಿಯದೇ ದನಿ, ನಗುತ್ತ. "ಅಗಳಿ ಹಾಕಿಬಿಡ್ರಿ."

ಆಚೆಯಿಂದ ಹೆಜ್ಜೆಗಳು ಬಾಗಿಲ ಹತ್ತಿರ ಬಂದವು. ನಿಂತವು. ಬಹಳ ಹೊತ್ತು ನಿಂತವು. ಬಾಗಿಲ ಆಚೆ ಮಂಗಳಾಳ ಉಸಿರು ಕೇಳುತ್ತಿತ್ತು. ತ್ರಿವೇಣಿ ಅಂಗೈ ಒತ್ತಿ ಕಾದಳು.

ಅಗಳಿ ಬಿತ್ತು.

ಹಿಂದೆ, ದೂರದಲ್ಲಿ, ಅವಳ ಮನೆಯ ಕಡೆಯ ಬಾಗಿಲೂ ಮಂಗಳಾಳ ಮನೆಯದೂ ಮುಚ್ಚಿಕೊಂಡವು. ಕಂದೀಲಿನ ಉರಿ ಸಣ್ಣಗಾಯಿತು. ನೀಲಿಯಾಯಿತು. ಹೋಯಿತು.

ಬಾಗಿಲ ಆಚೆ ತಟ್ಟೆಗಳ ಸದ್ದು. ಅತ್ತೆಯ ದನಿ, ಅವಳು ಎಂದೂ ಕೇಳದಷ್ಟು ಮೃದುವಾಗಿ.

"ಇನ್ನೊಂದು ರೊಟ್ಟಿ ಹಾಕ್ಕೋವ್ವ. ನಾಚಬ್ಯಾಡ. ನಿನ್ನ ಮನಿನೇ ಇದು."