ಹುಣಸೆ ಕಣದ ನಾಲ್ಕನೇ ದಿನ

"ಇವ್ರು ನಿಮ್ಮ ಯಜಮಾನ್ರೇನಮ್ಮಾ?"

ಕೆಂಚಕ್ಕನ ಪ್ರಶ್ನೆಗೆ ಸುಮಲತಾಳ ಕೈಯಲ್ಲಿದ್ದ ಹುಣಸೆಹಣ್ಣು ಜಾರಿ ಕೆಳಗೆ ಬಿತ್ತು!

ಯಜಮಾನ್ರಾ? ಪಕ್ಕದಲ್ಲಿ ನಿಂತ ಈ ಮನುಷ್ಯನ ಪರಿಚಯವಾಗಿ ಎರಡು ಗಂಟೆಯೂ ಆಗಿರಲಿಲ್ಲ. ಹೆಸರು ಮಾರೇಶ್, ಊರು ಹರಪನಹಳ್ಳಿ, ಹಡಗಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾನೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

'ಅಯ್ಯೋ, ಅಲ್ರೀ!' ಎನ್ನಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ನಿಯಮ...! ಹಾಳಾದ ನಿಯಮ!

ಊರಿನ ಜನರ ಜೊತೆ ಕೂಡಿ ಪಾಠ ಮಾಡುವುದು ಹೇಗೆ ಎಂದು ಕಲಿಸಲು ವಿಶ್ವವಿದ್ಯಾಲಯ ಕೂಡ್ಲಿಗಿಯಲ್ಲಿ ಕಾಲೇಜು ಅಧ್ಯಾಪಕರಿಗೆ ತರಬೇತಿ ಇಟ್ಟಿತ್ತು. ತರಬೇತಿಯ ಮುಖ್ಯಸ್ಥ ಗಂಗಾಧರ್ ಸರ್ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದರು:

"ನಮ್ಮಂಥ ಮೇಷ್ಟ್ರಿಗೆ ಒಂದು ರೋಗ ಐತಿ. ಎದುರಿಗಿದ್ದೋರು ಬಾಯಿ ತೆಗೆದ ಕೂಡ್ಲೇ ತಿದ್ದಾಕ ಹೋಗ್ತೀವಿ. ಅದಕ್ಕ ಮೊದಲ ಮೂರು ದಿನ ಹಳ್ಳಿಯೋರು ಗುರು, ನೀವು ವಿದ್ಯಾರ್ಥಿ. ಅವ್ರು ಏನಂದ್ರೂ ತಿದ್ದಂಗಿಲ್ಲ. ನಾಕನೇ ದಿನ ಬೇಕಾದ್ದು ಮಾತಾಡ್ರಿ!"

ಇಬ್ಬಿಬ್ಬರ ಜೋಡಿ ಮಾಡಿ ಒಂದೊಂದು ಹಳ್ಳಿಗೆ ಕಳಿಸಿದ್ದರು. ಸುಮಲತಾ ಮತ್ತು ಮಾರೇಶ್ ಬಂದಿಳಿದದ್ದು ಉಜ್ಜಿನಿ ರಸ್ತೆಯ ಈ ಹುಣಸೆ ಕಣಕ್ಕೆ. ಇಲ್ಲಿ ಹಣ್ಣು ಕುಟ್ಟಿ ಸಿಪ್ಪೆ, ಬೀಜ ಬಿಡಿಸುವ ಮೂವತ್ತು ಹೆಂಗಸರಿಗೆ ಕೆಂಚಕ್ಕನೇ ಹಿರಿಯಳು, ಇವರಿಬ್ಬರಿಗೆ ಅವಳೇ ಗುರು.

ಗುರು ತಪ್ಪು ತಿಳಿದಿದ್ದಾಳೆ, ಶಿಷ್ಯೆ ತಿದ್ದುವಂತಿಲ್ಲ!

ಸುಮಲತಾ ಮಾರೇಶನ ಕಡೆ ನೋಡಿದಳು. ಅವನು ಮೇಲಿನ ಹುಣಸೆ ಕೊಂಬೆಯನ್ನು ಬಲು ಆಸಕ್ತಿಯಿಂದ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

"ಹಂಗಾರ ಇಬ್ರಿಗೂ ಒಂದ ಕಲ್ಲು ಸಾಕು," ಎಂದಳು ಕೆಂಚಕ್ಕ. "ಎದುರುಬದುರು ಕುಂದ್ರಿ."

ಕೂತರು.

ಸುಮಲತಾ ಸುಮ್ಮನಿರಲು ಇನ್ನೂ ಒಂದು ಕಾರಣವಿತ್ತು. ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ಪ್ರತಿ ವರ್ಷ ಹುಣಸೆ ಸುಗ್ಗಿ ಬಂತೆಂದರೆ ಅವಳ ತರಗತಿಯ ಹನ್ನೊಂದು ಹುಡುಗಿಯರು ತಾಯಂದಿರ ಜೊತೆ ಕುಟ್ಟಲು ಹೋಗುತ್ತಾರೆ. ಹಾಜರಾತಿ ಸಾಲದೆ ಹೋದ ವರ್ಷ ನಾಲ್ವರು ಪರೀಕ್ಷೆಗೇ ಕೂರಲಿಲ್ಲ. ಈ ಕಣದ ಕೆಲಸವನ್ನೇ ಪಾಠವಾಗಿ ಮಾಡಿದರೆ? ಹುಡುಗಿಯರ ಹಾಜರಾತಿಯೂ ಉಳಿಯುತ್ತದೆ, ಪರೀಕ್ಷೆಯೂ ಉಳಿಯುತ್ತದೆ. ಅದಕ್ಕೆ ಕೆಂಚಕ್ಕ ಗುರುವಾಗಿ ಒಪ್ಪಿ, ಇವರಿಬ್ಬರ ಹೆಸರೂ ಇರುವ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪಾಠವೂ ಇಲ್ಲ.

'ನಿಯಮ ಮುರಿದು ಎಲ್ಲ ಕೆಡಿಸಿಕೊಳ್ಳೋದು ಬೇಡಪ್ಪಾ... ಮೂರೇ ದಿನ ತಾನೇ!'

ಆ ಮೂರು ದಿನ ಹೇಗೆ ಕಳೆದವೋ!

ಬೆಳಗಿನ ತಂಪಿನಲ್ಲಿ ಎಷ್ಟು ಹೊಡೆದರೂ ಸಿಪ್ಪೆ ಬಿಡುವುದಿಲ್ಲ, ಬಿಸಿಲೇರಿದ ಮೇಲೆ ಎರಡೇ ಏಟಿಗೆ ಗರಿಗರಿಯಾಗಿ ಉದುರುತ್ತದೆ ಎಂದು ಕೆಂಚಕ್ಕ ಕಲಿಸಿದಳು. ಯಾವ ಹಣ್ಣು ಯಾವ ಹೊಲದ ಮರದ್ದೆಂದು ಅವಳು ನಾಲಿಗೆಗೆ ಮುಟ್ಟಿಸಿಯೇ ಹೇಳುತ್ತಿದ್ದಳು. ಮಾರೇಶ್ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಕೆಲವು ಬೀಜಗಳನ್ನು ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

'ಯಾಕೆ ಇಟ್ಟುಕೊಳ್ತಾನೆ? ಏನು ಮಾಡ್ತಾನೆ? ಒಬ್ಬನೇ ಇದ್ದಾಗ ಯಾಕೆ ನಗ್ತಾನೆ?' ಸುಮಲತಾಳ ತಲೆಯಲ್ಲಿ ಹುಣಸೆಗಿಂತ ಇವನದೇ ಪ್ರಶ್ನೆಗಳು ಹೆಚ್ಚಾದವು.

ಎರಡನೇ ದಿನ ಅವಳ ಸುತ್ತಿಗೆ ಮತ್ತೆ ಮತ್ತೆ ಗುರಿ ತಪ್ಪಿತು.

"ಹಣ್ಣು ನಾನು ಹಿಡೀತೀನಿ, ನೀವು ಹೊಡೀರಿ ಮೇಡಂ," ಎಂದ ಮಾರೇಶ್.

"ಬೆರಳಿಗೆ ಬಿದ್ರ?"

"ನನಗೆ ಹತ್ತು ಇವೆಯಲ್ಲ!"

ಹೊಡೆದಳು. ಸರಿಯಾಗಿ ಅವನ ಹೆಬ್ಬೆರಳಿಗೇ ಬಿತ್ತು! ಅವನು ಕಣ್ಣು ಬಿಗಿಯಾಗಿ ಮುಚ್ಚಿ, "ಥ್ಯಾಂಕ್ಸ್ ಮೇಡಂ..." ಎಂದ. ಅವಳು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೂವತ್ತೆರಡು ವರ್ಷದ ಅವಳನ್ನು ಏಳು ಗಂಡುಗಳು ನೋಡಿಕೊಂಡು ಹೋಗಿದ್ದರು. ಒಬ್ಬರೂ ಹೀಗೆ ನಗಿಸಿರಲಿಲ್ಲ.

ನಾಲ್ಕನೇ ದಿನ ಬಸ್ಸಿನಲ್ಲಿ ಮಾರೇಶ್ ತಾನೇ ಮಾತು ತೆಗೆದ.

"ಇವತ್ತು ನಿಯಮ ಇಲ್ಲ. ಕೆಂಚಕ್ಕಗೆ ನಾನೇ ನಿಜ ಹೇಳ್ತೀನಿ. ನೀವು ಮುಜುಗರ ಪಟ್ಕೋಬೇಡಿ."

ಕಣಕ್ಕೆ ಬಂದ ಮೇಲೆ ಅವಳು ನಿರಾಳವಾಗಿ ಕೊಡ ಹಿಡಿದು ನಲ್ಲಿಗೆ ಹೋದಳು. ವಾಪಸ್ಸು ಬರುವಾಗ ಹುಣಸೆ ಚೀಲಗಳ ಆಚೆಯಿಂದ ಕೆಂಚಕ್ಕನ ದನಿ ಕೇಳಿಸಿತು.

"ಸಾರೂ, ನಿಮ್ಮಾಕಿ ಎಲ್ಲಿ?"

ಈಗ ಹೇಳುತ್ತಾನೆ... ಸುಮಲತಾ ಚೀಲಗಳ ಮರೆಯಲ್ಲೇ ನಿಂತಳು.

"ನೀರಿಗೆ ಹೋಗಿದಾಳೆ," ಎಂದ ಮಾರೇಶ್. "ಬರ್ತಾಳೆ."

ಹೋಗಿದಾಳೆ! ಬರ್ತಾಳೆ! ಹಣೆಗೆ ಕೈ ಹಚ್ಚಿ ನೋಡಿದ್ದರೆ ಜ್ವರವೆನ್ನಬೇಕು, ಅಷ್ಟು ಉರಿದುಹೋದಳು.

ಕೆಂಚಕ್ಕ ಆಚೆ ಹೋಗುವುದನ್ನೇ ಕಾದು ಅವನ ಮುಂದೆ ಕೊಡ ಕುಕ್ಕಿದಳು.

"ನಿಮಗಿದು ತಮಾಷಿ ಆಗ್ಯದೇನ್ರಿ? ನನ್ನ ಹುಡುಗ್ಯಾರ ಪರೀಕ್ಷಿ ಕೆಂಚಕ್ಕನ ಸಹಿ ಮ್ಯಾಲೆ ನಿಂತೈತಿ. ನಾಳೆ ಗೊತ್ತಾದ್ರ ನಮ್ಮನ್ನ ಸುಳ್ಳುಗಾರರು ಅನ್ನಲ್ಲೇನು?"

"ಮೇಡಂ, ನಾನು..."

"ಏನೂ ಹೇಳ್ಬ್ಯಾಡ್ರಿ!"

ಅವನು ತಲೆ ತಗ್ಗಿಸಿದ. ಅವನು ಆಡಿದ ಸುಳ್ಳಿಗಿಂತ, ಆ 'ಬರ್ತಾಳೆ' ತನಗೆ ಒಂದು ಕ್ಷಣ ಇಷ್ಟವಾಗಿತ್ತಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. 'ನಾನು ಬರೀ ಹುಡುಗಾಟದ ವಸ್ತುವಾದೆನಾ?'

ಕಣ್ಣೊರೆಸಿಕೊಂಡು ನೇರವಾಗಿ ಕೆಂಚಕ್ಕನ ಹತ್ತಿರ ಹೋದಳು.

"ಅಕ್ಕಾ, ತಪ್ಪಾಗೈತಿ. ಆ ಸಾರು ನನ್ನ ಗಂಡ ಅಲ್ಲ. ಮೂರು ದಿನ ನಿಮ್ಮನ್ನ ತಿದ್ದಬಾರದು ಅಂತ ಹೇಳಿದ್ರು, ಅದಕ್ಕ ಬಾಯಿ ಮುಚ್ಕೊಂಡಿದ್ದೆ."

ಕೆಂಚಕ್ಕ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ಬಿಡು."

"ಆಂ...?"

"ನನ್ನ ಕಣ್ಣೇನು ಹೋಗ್ಯಾವಾ? ಕೊಳ್ಳಾಗ ತಾಳಿಲ್ಲ, ಕಾಲಾಗ ಉಂಗುರಿಲ್ಲ. ಹೋಗ್ಲಿ, ಈಗಿನೋರು ಹಾಕ್ಕಳಲ್ಲ ಅನ್ನಾನ. ಬೆರಳಿಗೆ ಸುತ್ತಿಗಿ ಬಿದ್ರ ಥ್ಯಾಂಕ್ಸ್ ಅನ್ನೋ ಗಂಡನ್ನ ಯಾವೂರಾಗ ಕಂಡಿ ನೀನು?"

ಸುಮಲತಾ ಅವಳ ಪಕ್ಕದಲ್ಲೇ ಕುಕ್ಕರಿಸಿದಳು.

"ಮತ್ತ ಯಾಕ ಹಂಗ ಕೇಳಿದ್ರಿ?"

"ಹೋದ ವರ್ಷ ಯಾರೋ ಓದಿದೋರು ಕಾಗದ ಹಿಡ್ಕಂಡು ಬಂದ್ರು. ನಾವು ಹೇಳಿದ್ದೊಂದು, ಅವ್ರು ಬರಕಂಡಿದ್ದೊಂದು. ಫೋಟೋ ಹೊಡಕಂಡು ಹೋದೋರು ಈಕಡೆ ತಲಿ ಹಾಕಿಲ್ಲ. ಅದಕ್ಕ ನಾನೂ ಒಂದು ಪರೀಕ್ಷಿ ಇಟ್ಟೆ. ನಿಜ ಹೇಳಾಕ ನಿಮಗ ಎಷ್ಟು ದಿನ ಬೇಕು ನೋಡಾನ ಅಂತ." ಕೆಂಚಕ್ಕ ಗಂಭೀರಳಾದಳು. "ನೀ ಪಾಸಾದಿ. ಆತ ಆಗಿಲ್ಲ. ಹುಡುಗ್ಯಾರನ್ನ ಕಣಕ್ಕ ಕರಕಂಡು ಬರೋರು ಇಬ್ರು, ಇಬ್ರೂ ನಿಜ ಆಡೋರಾಗ್ಬೇಕು. ಆತಗ ನೀ ಹೇಳಿಕೊಡಂಗಿಲ್ಲ ನೋಡು. ಸಂಜಿತನ ಕಾಯ್ತೀನಿ, ಇಲ್ಲಾಂದ್ರ ಸಹಿ ಇಲ್ಲ."

ಸುಮಲತಾ ಮರಳಿ ಕಲ್ಲಿನ ಮುಂದೆ ಕೂತಳು. ಮಧ್ಯಾಹ್ನವಾಯಿತು. ಹೆಂಗಸರು ರೊಟ್ಟಿ ಬಿಚ್ಚಿದರು. ಮಾರೇಶ್ ಉಣ್ಣಲಿಲ್ಲ, ಕುಟ್ಟುತ್ತಲೇ ಇದ್ದ.

'ಹೇಳು ಮಾರಾಯಾ... ಒಂದೇ ಮಾತು! ನನ್ನ ಹುಡುಗಿಯರಿಗಾದರೂ ಹೇಳು...' ಅವಳ ಮನಸ್ಸು ಕೂಗುತ್ತಿತ್ತು. ನಿಜವೆಂದರೆ ಅವಳಿಗೆ ಹುಡುಗಿಯರ ಹೆಸರಿನಲ್ಲಿ ಇನ್ನೊಂದು ಉತ್ತರವೂ ಬೇಕಿತ್ತು. ಇವನು ಎಂಥವನು? ಅದು ಗೊತ್ತಾಗದೆ ಅವಳಿಗೆ ತುತ್ತು ಇಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಾರೇಶ್ ಥಟ್ಟನೆ ಸುತ್ತಿಗೆ ಇಟ್ಟು ಎದ್ದ. ಹೆಂಗಸರ ನಡುವೆ ಹೋಗಿ ಕೈಮುಗಿದ.

"ಕೆಂಚಕ್ಕಾ, ಈ ಮೇಡಂ ನನ್ನ ಹೆಂಡ್ತಿ ಅಲ್ಲ. ಮೂರು ದಿನ ನಾನು ಸುಮ್ನಿದ್ದಿದ್ದು ನಿಯಮಕ್ಕೆ."

"ಇವತ್ತು?"

ಅವನು ಒಮ್ಮೆ ಸುಮಲತಾಳ ಕಡೆ ನೋಡಿದ.

"ಇವತ್ತು... ಆಸೆಗೆ."

ಕಣದ ಸುತ್ತಿಗೆಗಳೆಲ್ಲ ನಿಂತವು!

"ಹೇಳ್ಬೇಕು ಅಂತಲೇ ಬಂದೆ. ನೀವು 'ನಿಮ್ಮಾಕಿ' ಅಂದಾಗ ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಅಂದ್ಬಿಟ್ರೆ ಅದು ಮುಗಿದೇ ಹೋಗುತ್ತಲ್ಲ ಅಂತ ಹೆದರಿದೆ. ತಪ್ಪು ನಂದು. ನನ್ನ ಹೆಸ್ರು ಹೊಡೆದು ಹಾಕಿ, ಈಗ್ಲೇ ಹೋಗ್ತೀನಿ. ಅವರ ಪಾಠ ಮಾತ್ರ ನಿಲ್ಲಿಸಬೇಡಿ. ಆ ಹುಡುಗೀರು ಪರೀಕ್ಷೆ ಬರೀಬೇಕು."

ಸುಮಲತಾ ಕೂತಲ್ಲೇ ಕರಗಿದಳು. ಎಲ್ಲರೆದುರು ತಾನು ಚಿಕ್ಕವನಾಗಿ, ತನ್ನ ಹೆಸರು ಬಿಟ್ಟುಕೊಟ್ಟು, ಅವಳ ಹುಡುಗಿಯರನ್ನು ಉಳಿಸುತ್ತಿದ್ದಾನೆ ಈ ಮನುಷ್ಯ!

ಕೆಂಚಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

"ತಡ ಆದ್ರೂ ಆಡಿದ್ದು ನಿಜ. ತಗಂಬಾ ಯಮ್ಮಾ ಆ ಕಾಗದ." ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. "ಹುಡುಗ್ಯಾರನ್ನ ಕರಕಂಡು ಬರ್ರಿ. ಆದ್ರ ಇಲ್ಲಿ ಹಾಜರಿ ಕೂಗೋಳು ನಾನು!"

ಹೆಂಗಸರು ಗೊಳ್ಳೆಂದರು. ಸುಮಲತಾ ಕಾಗದವನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು.

ಸಂಜೆ ಇಬ್ಬರೂ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದರು.

"ಮುಂಜಾನಿ ಭಾಳ ಬೈದೆ," ಎಂದಳು ಸುಮಲತಾ ಮೆಲ್ಲಗೆ.

"ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೆ."

"ಭಾನುವಾರ ನಮ್ಮ ಮನಿಗೆ ಬರ್ತೀರೇನು? ಹಗರಿಬೊಮ್ಮನಹಳ್ಳಿಗೆ."

ಮಾರೇಶ್ ಗಾಬರಿಯಿಂದ ನೋಡಿದ. "ನಿಮ್ಮ ತಾಯಿ ಯಾರಿವ್ರು ಅಂತ ಕೇಳಲ್ವಾ?"

"ಹೊಸಿಲು ದಾಟಾಕೂ ಬಿಡಲ್ಲ, ಮೊದಲು ಅದನ್ನ ಕೇಳ್ತಾಳ."

"ಏನಂತ ಹೇಳ್ತೀರಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ಇವ್ರು ನನಗ ಬೇಕವ್ವಾ... ಅಂತ."

ಅವನ ಕಣ್ಣು ತುಂಬಿತು.

"ಎಷ್ಟು ಗಂಟೆಗೆ ಬರ್ಲಿ?"

"ಊಟದ ಹೊತ್ತಿಗೆ."

"ಅಷ್ಟು ಹೊತ್ತು ತಡೆಯೋಕಾಗಲ್ಲ, ಸುಮಲತಾ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಬರ್ತೀನಿ."

"ಬರ್ರಿ..." ಎಂದಳು ಅವಳು. "ಸ್ಟ್ಯಾಂಡಿನಾಗ ನಿಂತಿರ್ತೀನಿ."